ಒಂದೂವರೆ ಪಟ್ಟು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಇನ್ನೂ ವಾರ ಕಳೆದಿರಲಿಲ್ಲ. ನನ್ನ ಪಕ್ಕದ ಸೀಟಿಗೆ ಒಬ್ಬ ತಾಯಿ ಮತ್ತು ಆಕೆಯ ಮಗಳು ಬಂದು ಕುಳಿತರು. ಮಗಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಅಂಕಪಟ್ಟಿಯ ಪ್ರತಿ. ಈ ಕಾಲದಲ್ಲಿ ಯಾರೇ ಸಿಕ್ಕರೂ ನಾವು ಕೇಳುವ ಪ್ರಶ್ನೆ ಒಂದೇ ತಾನೆ? ನಾನೂ ಅದನ್ನೇ ಕೇಳಿದೆ. ಉತ್ತರ ಕೊಟ್ಟವಳು ತಾಯಿ.

‘ಪಾಸಾಗ್ಯಾಳ್ರಿ. ಲೆಕ್ಕದಾಗ ಭಾಳ ಚೊಲೊ ಬಂದಾವಂತ. ಕಾಲೇಜಿಗೆ ಹಚ್ರಿ ಅಂತಾರ ಮಾಸ್ತರು. ಆದ್ರ ನಾವು ಬೆಂಗಳೂರಿಗೆ ದುಡಿಯಾಕ ಹೋಗೋ ಮಂದಿ. ಈಕೀನ್ನ ಯಾರ ಹಂತೇಕ ಬಿಡೂದು? ದೊಡ್ಡ ಓದು ನಮ್ಮಂಥ ಸಣ್ಣ ಮಂದಿಗೆ ಎಲ್ಲಿ ಹತ್ತತೈತ್ರಿ?’

ಮಗಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಏನೂ ಮಾತಾಡಲಿಲ್ಲ. ಅವಳ ಪರವಾಗಿ ಏನಾದರೂ ಹೇಳಬೇಕೆಂದು ನಾನು ಮಾತು ಹುಡುಕುವಷ್ಟರಲ್ಲಿ ಮಸ್ಕಿ ಬಂತು. ಇಬ್ಬರೂ ಇಳಿದು ಹೋದರು. ಬಸ್ಸು ಹೊರಟಾಗ ಕಿಟಕಿಯಿಂದ ಮಸ್ಕಿಯ ಬಂಡೆಗುಡ್ಡಗಳು ಕಂಡವು. ಆಗ ನೆನಪಾಯಿತು: ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಅವಳು ಇಳಿದ ಊರಿನಲ್ಲೇ, ಕಲ್ಲಿನ ಮೇಲೆ, ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಬರೆದಿಟ್ಟುಕೊಂಡು ಕುಳಿತಿದೆ! ನಾನು ಹೇಳಲಾಗದೆ ಹೋದ ಆ ಮಾತನ್ನು ಈ ವಾರ ಇಲ್ಲಿ ಬರೆಯುತ್ತಿದ್ದೇನೆ.

ಮಸ್ಕಿಯ ಅಶೋಕನ ಶಾಸನದ ಹೆಸರನ್ನು ನೀವೆಲ್ಲ ಪಠ್ಯಪುಸ್ತಕದಲ್ಲಿ ಓದಿದ್ದೀರಿ. ‘ಅಶೋಕನ ಹೆಸರನ್ನು ಉಲ್ಲೇಖಿಸುವ ಶಾಸನ ಯಾವುದು?’ ಎಂಬ ಒಂದು ಅಂಕದ ಪ್ರಶ್ನೆಗೆ ‘ಮಸ್ಕಿ’ ಎಂದು ಬರೆದು ಅಂಕ ಗಿಟ್ಟಿಸಿಕೊಂಡಿದ್ದೀರಿ. ಆದರೆ ಆ ಶಾಸನದಲ್ಲಿ ಹೆಸರಿನ ಮುಂದೆ ಏನಿದೆ ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ತಲೆ ಕೆರೆದುಕೊಳ್ಳುತ್ತೇವೆ. ಹೆಸರು ಮುಖ್ಯ, ನಿಜ. ಆದರೆ ವಿದ್ಯಾರ್ಥಿಗಳಿಗೂ ಅವರನ್ನು ಹೆತ್ತವರಿಗೂ ಬೇಕಾದ ಮಾತು ಇರುವುದು ಹೆಸರಿನ ನಂತರದ ಸಾಲುಗಳಲ್ಲಿ.

ಅಲ್ಲಿ ಚಕ್ರವರ್ತಿ ತನ್ನ ಗೆಲುವುಗಳ ಪಟ್ಟಿ ಕೊಡುವುದಿಲ್ಲ. ತಾನು ಬುದ್ಧನ ಮಾರ್ಗಕ್ಕೆ ಬಂದು ಎರಡೂವರೆ ವರ್ಷಕ್ಕೂ ಮೇಲಾಯಿತು ಎನ್ನುತ್ತಾನೆ. ಇದೇ ಶಾಸನದ ಇನ್ನೊಂದು ಪ್ರತಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಅದರಲ್ಲಿ ಅವನು ಇನ್ನೂ ಬಿಚ್ಚು ಮನಸ್ಸಿನಿಂದ ಒಪ್ಪಿಕೊಳ್ಳುತ್ತಾನೆ: ಮೊದಲ ಒಂದು ವರ್ಷ ತಾನು ಹೇಳಿಕೊಳ್ಳುವಂಥ ಪ್ರಯತ್ನವನ್ನೇನೂ ಮಾಡಲಿಲ್ಲ, ಸಂಘದ ಬಳಿಗೆ ಹೋದ ಮೇಲೆ, ಈ ಒಂದು ವರ್ಷಕ್ಕೂ ಮಿಕ್ಕಿದ ಅವಧಿಯಲ್ಲಿ, ಚೆನ್ನಾಗಿ ದುಡಿದೆ. ಆಮೇಲೆ ಬರುವುದು ಮುಖ್ಯ ಮಾತು. ಇದು ದೊಡ್ಡವರಿಗೆ ಮಾತ್ರ ದಕ್ಕುವಂಥದು ಎಂದು ಯಾರೂ ತಿಳಿಯಬಾರದು. ಮನಸ್ಸಿಟ್ಟರೆ ಸಣ್ಣವರೂ ಇದನ್ನು ಪಡೆಯಬಲ್ಲರು. ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಿ ಹೇಳಬೇಕು. ಕೊನೆಗೆ ಒಂದು ಭರವಸೆ: ಹೀಗೆ ನಡೆದರೆ ಇದು ಬಹುಕಾಲ ನಿಲ್ಲುತ್ತದೆ, ಒಂದೂವರೆ ಪಟ್ಟು ಬೆಳೆಯುತ್ತದೆ.

‘ಸಣ್ಣವ’ ಎನ್ನುವುದಕ್ಕೆ ಶಾಸನದಲ್ಲಿರುವ ಪ್ರಾಕೃತ ಪದ ಸಂಸ್ಕೃತದ ‘ಕ್ಷುದ್ರಕ’ ಎಂಬುದರ ರೂಪ. ಬಸ್ಸಿನಲ್ಲಿ ಆ ತಾಯಿ ಬಳಸಿದ ಪದವೂ ಅದೇ ಅಲ್ಲವೆ? ಸಣ್ಣ ಮಂದಿ.

ಅಶೋಕ ಹೇಳುತ್ತಿದ್ದುದು ಧರ್ಮದ ನಡತೆಯ ವಿಷಯ, ಪರೀಕ್ಷೆಯ ವಿಷಯವಲ್ಲ. ಅದು ನನಗೆ ಗೊತ್ತು. ಆದರೂ ಬದುಕಿನಲ್ಲಿ ಅರ್ಥವುಳ್ಳ ಯಾವ ಕೆಲಸಕ್ಕೆ ಕೈಹಾಕಿದರೂ ಈ ಕೆಲವೇ ಸಾಲುಗಳಲ್ಲಿರುವ ನಾಲ್ಕು ಸಂಗತಿ ನಮಗೆ ಎದುರಾಗುತ್ತವೆ. ಒಂದು, ಪ್ರಾರಂಭ ನಿಧಾನವಾಗಿರಬಹುದು. ಎರಡು, ಜೊತೆ ಸಿಕ್ಕ ಮೇಲೆ ಪ್ರಯತ್ನಕ್ಕೆ ಬಲ ಬರುತ್ತದೆ. ಮೂರು, ದೊಡ್ಡವರ ಮನೆಯಲ್ಲಿ ಹುಟ್ಟಿರಬೇಕೆಂಬ ಷರತ್ತು ಇದಕ್ಕಿಲ್ಲ. ನಾಲ್ಕು, ಫಲ ಒಂದೂವರೆ ಪಟ್ಟು. ನೂರು ಪಟ್ಟೂ ಅಲ್ಲ, ಹತ್ತು ಪಟ್ಟೂ ಅಲ್ಲ. ಅಷ್ಟು ದೊಡ್ಡ ಚಕ್ರವರ್ತಿ ಇಷ್ಟು ಮಿತವಾದ ಭರವಸೆ ಕೊಟ್ಟನಲ್ಲ ಎಂದು ನನಗೆ ಪ್ರತಿ ಸಲವೂ ಆಶ್ಚರ್ಯವಾಗುತ್ತದೆ. ಇಂದಿನ ಟ್ಯುಟೋರಿಯಲ್ ಜಾಹೀರಾತುಗಳನ್ನು ನೋಡಿದವರಿಗೆ ಆ ಮಿತದ ಬೆಲೆ ತಿಳಿಯುತ್ತದೆ.

ಇರಲಿ. ಶಾಸನದಲ್ಲಿ ಏನಿದೆ ಎಂಬುದು ಒಂದು ಪಾಠವಾದರೆ, ಅದನ್ನು ನಾವು ಓದುವಂತಾದ ಕಥೆ ಇನ್ನೊಂದು ಪಾಠ.

ಅಶೋಕನ ಲಿಪಿಯನ್ನು ಓದಬಲ್ಲವರು ನೂರಾರು ವರ್ಷಗಳ ಕಾಲ ಈ ದೇಶದಲ್ಲಿ ಒಬ್ಬರೂ ಇರಲಿಲ್ಲ. ಅದನ್ನು ಬಿಡಿಸಿದಾತ ಜೇಮ್ಸ್ ಪ್ರಿನ್ಸೆಪ್. ಅವನು ಭಾಷಾಪಂಡಿತನೇನಲ್ಲ, ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹದ ಶುದ್ಧತೆ ಪರೀಕ್ಷಿಸುವ ಅಧಿಕಾರಿ. ಹಗಲು ನಾಣ್ಯಗಳ ತೂಕ ಮತ್ತು ಬೆರಕೆಯ ಲೆಕ್ಕ, ಬಿಡುವಿನಲ್ಲಿ ಹಳೆಯ ಅಕ್ಷರಗಳ ಧ್ಯಾನ. ಸಾಂಚಿಯ ಸ್ತೂಪದ ಕಲ್ಲಿನ ಬೇಲಿಯ ಮೇಲಿದ್ದ ಚಿಕ್ಕ ಚಿಕ್ಕ ಬರಹಗಳ ನಕಲುಗಳು ಅವನ ಮೇಜಿಗೆ ಬಂದವು. ಅವುಗಳಲ್ಲಿ ಬಹುಪಾಲು ಒಂದೇ ಎರಡು ಅಕ್ಷರಗಳಿಂದ ಮುಗಿಯುವುದನ್ನು ಅವನು ಗಮನಿಸಿದ. ಗುಡಿಗೆ ಕಂಬ, ಕಲ್ಲು ಕೊಟ್ಟವರು ಏನೆಂದು ಬರೆಸುತ್ತಾರೆ? ಇಂಥವರ ದಾನ ಎಂದು ತಾನೆ? ಆ ಎರಡು ಅಕ್ಷರ ‘ದಾನಂ’ ಇರಬಹುದೆಂದು ಊಹಿಸಿದ. ಊಹೆ ಸರಿಯಾಗಿತ್ತು. 1837ರಲ್ಲಿ, ನೂರಾರು ವರ್ಷ ಮೂಕವಾಗಿದ್ದ ಲಿಪಿ ಮಾತಾಡಿತು.

ಪ್ರಿನ್ಸೆಪ್ ಒಬ್ಬನೇ ಇದನ್ನು ಸಾಧಿಸಿದನೆ? ಇಲ್ಲ. ಸಾಂಚಿಯ ನಕಲುಗಳನ್ನು ತೆಗೆದು ಕಳಿಸಿದವನು ಒಬ್ಬ ಸೈನ್ಯಾಧಿಕಾರಿ. ಪಕ್ಕದಲ್ಲಿ ಕುಳಿತು ಭಾಷೆಯ ಗಂಟುಗಳನ್ನು ಬಿಡಿಸಲು ನೆರವಾದವರು ಕಮಲಾಕಾಂತ ವಿದ್ಯಾಲಂಕಾರರೆಂಬ ಬಂಗಾಳಿ ಪಂಡಿತರು. ಅಕ್ಷರಗಳೇನೋ ಓದಲು ಬಂದವು. ಆದರೆ ಶಾಸನಗಳಲ್ಲಿದ್ದ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಯಾರು? ಸಿಂಹಳದ ಯಾವನೋ ರಾಜ ಇರಬೇಕೆಂದು ಪ್ರಿನ್ಸೆಪ್ ಮೊದಲು ತಪ್ಪಾಗಿ ತಿಳಿದಿದ್ದ. ಅದನ್ನು ತಿದ್ದಿದವನು ಸಿಂಹಳದಲ್ಲಿ ಸರ್ಕಾರಿ ನೌಕರಿಯಲ್ಲಿದ್ದು ಪಾಳಿ ಗ್ರಂಥಗಳನ್ನು ಅಭ್ಯಾಸ ಮಾಡುತ್ತಿದ್ದ ಜಾರ್ಜ್ ಟರ್ನರ್. ಪ್ರಿಯದರ್ಶಿ ಎಂಬುದು ಚಂದ್ರಗುಪ್ತನ ಮೊಮ್ಮಗ ಅಶೋಕನ ಇನ್ನೊಂದು ಹೆಸರೆಂದು ‘ದೀಪವಂಸ’ದ ಆಧಾರದಿಂದ ಆತ ತೋರಿಸಿಕೊಟ್ಟ. ಪ್ರಿನ್ಸೆಪ್ ತನ್ನ ತಪ್ಪನ್ನು ಒಪ್ಪಿಕೊಂಡು ತಿದ್ದಿಕೊಂಡ. ಮರುವರ್ಷವೇ ಅವನ ಆರೋಗ್ಯ ಕೆಟ್ಟಿತು. 1840ರಲ್ಲಿ ತೀರಿಕೊಂಡಾಗ ಅವನಿಗೆ ನಲವತ್ತೇ ವರ್ಷ.

ಆದರೂ ಒಂದು ಕೊರತೆ ಉಳಿದೇ ಇತ್ತು. ಪ್ರಿಯದರ್ಶಿಯೇ ಅಶೋಕ ಎಂದು ಪುಸ್ತಕ ಹೇಳಿತೇ ಹೊರತು, ಅವನು ಬರೆಸಿದ ಒಂದು ಕಲ್ಲೂ ಹಾಗೆ ಹೇಳಿರಲಿಲ್ಲ. ಹೀಗೆ ಎಪ್ಪತ್ತೆಂಟು ವರ್ಷ ಕಳೆದವು. 1915ರಲ್ಲಿ, ನಿಜಾಮರ ಆಡಳಿತದಲ್ಲಿದ್ದ ಮಸ್ಕಿಯಲ್ಲಿ, ಸಿ. ಬೀಡನ್ ಎಂಬ ಗಣಿ ಇಂಜಿನಿಯರ್‌ಗೆ ಗುಡ್ಡದ ಬಂಡೆಯ ಮೇಲೆ ಅಕ್ಷರಗಳು ಕಂಡವು. ಅವನದು ಚಿನ್ನದ ಗಣಿಯ ಕೆಲಸ. ಚಿನ್ನದ ನಾಡಿನಲ್ಲಿ ಕಲ್ಲುಗಳನ್ನು ನೋಡುತ್ತ ತಿರುಗುವವನಿಗೆ ಅಕ್ಷರ ಕಂಡರೆ ಏನಂತೆ ಎಂದು ಮುಂದೆ ನಡೆದಿದ್ದರೆ ಯಾರೂ ಅವನನ್ನು ಕೇಳುತ್ತಿರಲಿಲ್ಲ. ಅವನು ಹಾಗೆ ಮಾಡದೆ ತಿಳಿದವರ ಗಮನಕ್ಕೆ ತಂದ. ಅದನ್ನು ಓದಿ ಅದೇ ವರ್ಷ ಪ್ರಕಟಿಸಿದವರು ಹೊಸಕೋಟೆ ಕೃಷ್ಣಶಾಸ್ತ್ರಿಗಳು, ಹೆಸರಾಂತ ಶಾಸನತಜ್ಞರು. ದೇವಾನಾಂಪ್ರಿಯ ಎಂಬುದರ ಪಕ್ಕದಲ್ಲೇ ‘ಅಶೋಕ’ ಎಂಬ ಹೆಸರಿತ್ತು. ಟರ್ನರ್ ಪುಸ್ತಕದಿಂದ ಹೇಳಿದ್ದಕ್ಕೆ ಮಸ್ಕಿಯ ಕಲ್ಲು ಸಾಕ್ಷಿ ಹೇಳಿತು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮದೇ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೊಳಗಳಲ್ಲಿ ಅಶೋಕನ ಹೆಸರುಳ್ಳ ಶಾಸನಗಳು ಸಿಕ್ಕವು. ಆದರೆ ಮೊದಲು ಹೆಸರು ಹೇಳಿದ್ದು ಮಸ್ಕಿ.

ಈ ಕಥೆಯಲ್ಲಿ ನನಗೆ ಬಹಳ ಹಿಡಿಸುವ ಸಂಗತಿ ಇನ್ನೊಂದಿದೆ. ಮಸ್ಕಿಯ ಶಾಸನದಲ್ಲಿ ಅನೇಕ ಅಕ್ಷರಗಳು ಸವೆದು ಹೋಗಿವೆ. ಆ ಖಾಲಿ ಜಾಗಗಳಲ್ಲಿ ಏನಿತ್ತು ಎಂದು ತಿಳಿಯಬೇಕಾದರೆ ಬೇರೆ ಊರುಗಳ ಪ್ರತಿಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು. ಬ್ರಹ್ಮಗಿರಿಯ ಕಲ್ಲಿನಲ್ಲಿ ಮಾತುಗಳಿವೆ, ಅಶೋಕ ಎಂಬ ಹೆಸರಿಲ್ಲ. ಮಸ್ಕಿಯ ಕಲ್ಲಿನಲ್ಲಿ ಹೆಸರಿದೆ, ಮಾತುಗಳು ಅಲ್ಲಲ್ಲಿ ಅಳಿಸಿವೆ. ಹೆಸರಿಗಾಗಿ ಆ ಕಲ್ಲು ಈ ಕಲ್ಲನ್ನು ಕೇಳಬೇಕು, ಮಾತಿಗಾಗಿ ಈ ಕಲ್ಲು ಆ ಕಲ್ಲನ್ನು ಕೇಳಬೇಕು. ಕಲ್ಲಿಗೇ ಜೊತೆ ಬೇಕಾಗಿರುವಾಗ ಹದಿನಾರು ವರ್ಷದ ಮಗುವಿಗೆ ಬೇಡವೆ?

ಯಶಸ್ಸಿನ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತು ಪ್ರಚಾರದಲ್ಲಿವೆ. ‘ಎಲ್ಲ ನಿನ್ನ ಕೈಯಲ್ಲೇ ಇದೆ, ಹಟ ಹಿಡಿ, ಗೆಲ್ಲುತ್ತೀ’ ಎಂಬುದು ಒಂದು. ‘ನಮ್ಮ ಕೈಯಲ್ಲಿ ಏನಿದೆ, ಎಲ್ಲ ಉಳ್ಳವರ ಪಾಲು’ ಎಂಬುದು ಮತ್ತೊಂದು. ಮೊದಲ ಮಾತನ್ನು ಭಾಷಣಕಾರರು ಹೇಳುತ್ತಾರೆ, ಎರಡನೆಯದನ್ನು ಬಸ್ಸಿನಲ್ಲಿ ಸಿಕ್ಕ ತಾಯಂದಿರು ಹೇಳುತ್ತಾರೆ. ನನಗೆ ತೋರುವಂತೆ ಎರಡರಲ್ಲೂ ಅರ್ಧ ಅರ್ಧ ಸತ್ಯವಿದೆ. ಒಳಗಿನ ಹಟವಿಲ್ಲದೆ ಹೊರಗಿನ ಯಾವ ನೆರವೂ ಉಪಯೋಗಕ್ಕೆ ಬಾರದು. ಹಾಗೆಯೇ ಹೊರಗಿನ ಒಂದು ಹೆಗಲೂ ಇಲ್ಲದೆ ಒಳಗಿನ ಹಟ ಬಹಳ ದಿನ ಉರಿಯದು.

ಇದನ್ನು ಸಿಂಧನೂರಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಕಾಲುವೆಯ ನೀರಿನಲ್ಲಿ ಬದುಕುವವರು. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಕೆಳಭಾಗದ ರೈತ ಎಷ್ಟೇ ಕಷ್ಟಜೀವಿಯಾಗಿರಲಿ, ಎಷ್ಟೇ ಹದವಾಗಿ ನೆಲ ಮಾಡಿಕೊಂಡಿರಲಿ, ಮೇಲಿನಿಂದ ನೀರು ಬಾರದಿದ್ದರೆ ಅವನ ಭತ್ತ ಒಣಗುತ್ತದೆ. ಹಾಗೆಂದು ನೀರು ಬಂದ ಮಾತ್ರಕ್ಕೆ, ನಾಟಿ ಮಾಡದವನ ಗದ್ದೆಯಲ್ಲಿ ಭತ್ತ ಬೆಳೆಯುತ್ತದೆಯೆ? ನೀರೂ ಬೇಕು, ದುಡಿಮೆಯೂ ಬೇಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ ಖಾಲಿಯಾಗುತ್ತದೆ, ಬೆಳೆ ಹೋಯಿತು ಎಂದು ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ರೈತರೆಲ್ಲ ಕಂಗಾಲಾದರು. ಆಗ ಮುಂದೆ ನಿಂತವರು ಕನ್ನಯ್ಯ ನಾಯ್ಡು, ಅಣೆಕಟ್ಟೆಗಳ ಗೇಟಿನ ಕೆಲಸದಲ್ಲೇ ಬದುಕು ಸವೆಸಿದ ನಿವೃತ್ತ ತಜ್ಞರು. ನೀರು ಭೋರ್ಗರೆಯುತ್ತಿರುವಾಗಲೇ, ಜಲಾಶಯ ಬರಿದಾಗುವವರೆಗೆ ಕಾಯದೆ, ‘ಸ್ಟಾಪ್‌ಲಾಗ್’ ಎಂದು ಕರೆಯುವ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಆ ಬಾಯಿ ಮುಚ್ಚಬಹುದೆಂದು ಅವರು ಯೋಜನೆ ಹಾಕಿದರು. ಮೊದಲ ಯತ್ನ ಫಲಿಸಲಿಲ್ಲ. ಮತ್ತೆ ಅಳತೆ, ಮತ್ತೆ ತಿದ್ದುಪಡಿ. ಒಂದು ವಾರದೊಳಗೆ ಕೆಲಸ ಮುಗಿಯಿತು; ಆ ವರ್ಷದ ಬೆಳೆಗೆ ನೀರು ಉಳಿಯಿತು.

ಪತ್ರಿಕೆಗಳಲ್ಲಿ ನಾಯ್ಡು ಅವರ ಫೋಟೋ ಬಂತು, ಬರಬೇಕಾದದ್ದೇ. ಆದರೆ ಹಗಲು ರಾತ್ರಿ ಉಕ್ಕು ಕತ್ತರಿಸಿ ಬೆಸುಗೆ ಹಾಕಿದ ಕಾರ್ಖಾನೆಯ ಕೆಲಸಗಾರರು, ಕ್ರೇನು ನಡೆಸಿದವರು, ಹರಿಯುವ ನೀರಿನ ನೆತ್ತಿಯ ಮೇಲೆ ನಿಂತು ಆ ತುಂಡುಗಳನ್ನು ಜಾಗಕ್ಕೆ ಕೂರಿಸಿದವರು ಎಷ್ಟು ಜನ! ಅವರಲ್ಲೊಬ್ಬ ವೆಲ್ಡರ್ ಬೆಸುಗೆಯನ್ನು ಅರೆಬರೆ ಹಾಕಿದ್ದರೆ ನಾಯ್ಡು ಅವರ ಅನುಭವ ಏನು ಮಾಡುತ್ತಿತ್ತು? ‘ದೊಡ್ಡ ಓದು’ ಎಂದರೆ ಡಾಕ್ಟರ್, ಇಂಜಿನಿಯರ್, ಐಎಎಸ್ ಎಂದಷ್ಟೇ ತಿಳಿದಿರುವ ಪಾಲಕರು ಇದನ್ನು ನೆನಪಿನಲ್ಲಿಡಬೇಕು. ತನ್ನ ಕೆಲಸ ಯಾರ ಗದ್ದೆಗೆ ನೀರು ಮುಟ್ಟಿಸುತ್ತದೆ ಎಂದು ತಿಳಿದು ಮಾಡುವವನ ಕೆಲಸ ಸಣ್ಣದಲ್ಲ. ಐಟಿಐ ಕಲಿತು ಬೆಸುಗೆ ಹಾಕುವ ಹುಡುಗನೂ ಆ ಸಾಲಿನವನೇ.

ಇನ್ನು ಪ್ರಯತ್ನದ ವಿಷಯ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿ ಎಲ್ಲರಿಗೂ ಗೊತ್ತು. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೂ ಚಿನ್ನ ತೆಗೆಯುತ್ತ ಬಂದಿರುವ ಗಣಿ ಅದು. ಅಲ್ಲಿನ ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳು ಸುಮಾರು ಎರಡು ಸಾವಿರ ವರ್ಷ ಹಿಂದಿನವೆಂದು ಪರೀಕ್ಷೆಯಿಂದ ತಿಳಿದಿದೆ. ಡೈನಮೈಟ್ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಬಂಡೆಯ ಮೇಲೆ ಬೆಂಕಿ ಹಾಕಿ ಕಾಯಿಸಿ, ನೀರು ಸುರಿದು ಬಿರಿಸಿ, ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಇಷ್ಟೆಲ್ಲ ಮಾಡಿದರೆ ಸಿಗುವ ಚಿನ್ನ ಎಷ್ಟು? ಒಂದು ಟನ್, ಅಂದರೆ ಸಾವಿರ ಕಿಲೋ ಅದಿರು ಅರೆದರೆ ಕೆಲವೇ ಗ್ರಾಂ. ಮಿಕ್ಕಿದ್ದೆಲ್ಲ ಪುಡಿಗಲ್ಲು.

ಓದೂ ಹಾಗೆಯೇ, ವಿದ್ಯಾರ್ಥಿಗಳೇ. ಒಂದು ಸಂಜೆ ಎರಡು ತಾಸು ಲೆಕ್ಕದ ಮುಂದೆ ಕುಳಿತಿರಿ ಎಂದಿಟ್ಟುಕೊಳ್ಳಿ. ಅದರಲ್ಲಿ ಒಂದೂಮುಕ್ಕಾಲು ತಾಸು ತಪ್ಪು ದಾರಿಯಲ್ಲೇ ಹೋಯಿತು, ಕೊನೆಯ ಕಾಲು ತಾಸಿನಲ್ಲಿ ಒಂದು ಲೆಕ್ಕ ಬಿಟ್ಟಿತು. ‘ಇಡೀ ಸಂಜೆ ಹಾಳಾಯಿತು, ನನ್ನ ತಲೆಯೇ ಇಷ್ಟು’ ಎಂದು ಪುಸ್ತಕ ಮುಚ್ಚುವವರು ಬಹಳ. ಗಣಿಯವನು ಹಾಗೆ ಯೋಚಿಸುವುದಿಲ್ಲ. ಪುಡಿಗಲ್ಲು ಬರುವುದು ಸಹಜ ಎಂದು ಅವನಿಗೆ ಗೊತ್ತು. ತಾನು ಹಿಡಿದ ಪದರಿನಲ್ಲಿ ಚಿನ್ನವಿದೆಯೆ ಎಂಬುದನ್ನಷ್ಟೇ ಅವನು ನೋಡುತ್ತಾನೆ. ನೀವೂ ಅದನ್ನೇ ಕೇಳಿಕೊಳ್ಳಿ: ಈ ವಿಷಯದ ಹಿಂದೆ ಹೋಗಬೇಕೆಂದು ನನಗೆ ನಿಜಕ್ಕೂ ಅನಿಸುತ್ತಿದೆಯೆ? ತಪ್ಪಾದಾಗ ಬೇಜಾರಾದರೂ ಮರುದಿನ ಮತ್ತೆ ಅದರ ಕಡೆಗೇ ಕೈ ಹೋಗುತ್ತದೆಯೆ? ಹೋಗುತ್ತದೆಂದಾದರೆ ಅಲ್ಲಿ ಚಿನ್ನವಿದೆ. ಟಂಕಸಾಲೆಯ ಅಧಿಕಾರಿಗೆ ಹಳೆಯ ಲಿಪಿಯನ್ನು ಓದು ಎಂದು ಯಾರೂ ಅಪ್ಪಣೆ ಮಾಡಿರಲಿಲ್ಲ. ಅಪ್ಪಣೆಯಿಲ್ಲದೆ ಮಾಡುವಷ್ಟು ಪ್ರೀತಿ ಹುಟ್ಟಿದ ಕೆಲಸವೇ ಮನುಷ್ಯನನ್ನು ದೂರ ಕರೆದೊಯ್ಯುತ್ತದೆ.

ಈಗ ಪಾಲಕರಿಗೆ ಎರಡು ಮಾತು. ‘ನೀನು ಏನಾಗುತ್ತೀ?’ ಎಂದು ಮಕ್ಕಳನ್ನು ಕೇಳುವುದನ್ನು ಸ್ವಲ್ಪ ಕಡಿಮೆ ಮಾಡಿ. ‘ಯಾವ ಕೆಲಸ ಮಾಡುವಾಗ ನಿನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ?’ ಎಂದು ಕೇಳಿ ನೋಡಿ. ಎರಡನೆಯದಾಗಿ, ‘ಅದಕ್ಕೆ ನಿನಗೆ ಯಾರ ನೆರವು ಬೇಕು?’ ಎಂದು ಕೇಳಿ. ಈ ಎರಡನೆಯ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಕೇಳುವುದೇ ಇಲ್ಲ. ಉತ್ತರ ಬಹಳ ದುಬಾರಿಯಾಗಿರುತ್ತದೆಂದು ಹೆದರುತ್ತೇವೆ. ಹೆಚ್ಚಿನ ವೇಳೆ ಹಾಗೇನೂ ಇರುವುದಿಲ್ಲ. ರಾತ್ರಿ ಎರಡು ತಾಸು ಟೀವಿ, ಮೊಬೈಲಿನ ಸದ್ದಿಲ್ಲದ ಒಂದು ಮೂಲೆ. ತಿಳಿಯದ್ದನ್ನು ನಾಚಿಕೆಯಿಲ್ಲದೆ ಕೇಳಬಹುದಾದ ಒಬ್ಬ ಶಿಕ್ಷಕರು. ಜೊತೆಗೆ ಓದಲು ಒಬ್ಬ ಗೆಳತಿ. ಕಡಿಮೆ ಅಂಕ ಬಂದ ದಿನ ಪಕ್ಕದ ಮನೆಯವರ ಮಗನ ಹೆಸರೆತ್ತದ ಒಬ್ಬ ತಂದೆ. ಮಗುವಿಗೆ ‘ಸಂಘ’ ಎಂದರೆ ಇದೇ. ಚಕ್ರವರ್ತಿಗೇ ಒಂದು ವರ್ಷ ಮನಸ್ಸು ಕೂಡಿ ಬರಲಿಲ್ಲ, ಸಂಘದ ಬಳಿಗೆ ಹೋದ ಮೇಲೆ ದಾರಿಗೆ ಬಂತು. ಒಂಬತ್ತನೇ ತರಗತಿಯಲ್ಲಿ ಹಿಂದೆ ಬಿದ್ದ ಹುಡುಗನ ಮೇಲೆ ನಾವು ಇಷ್ಟು ಬೇಗ ತೀರ್ಪು ಬರೆದುಬಿಡುವುದು ನ್ಯಾಯವೆ?

ಹಾಗೆಂದು ಎಲ್ಲವನ್ನೂ ಮನೆಯವರ ಮೇಲೇ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ಮಸ್ಕಿ, ಲಿಂಗಸುಗೂರು ಭಾಗದ ಎಷ್ಟೋ ಕುಟುಂಬಗಳು ಇಂದಿಗೂ ಗುಳೆ ಹೋಗುತ್ತವೆ. ಅಪ್ಪ ಅಮ್ಮ ಬೆಂಗಳೂರಿನಲ್ಲಿ ಇಟ್ಟಿಗೆ ಹೊರುತ್ತಿದ್ದರೆ ಮಗು ಎಲ್ಲಿ ಓದಬೇಕು? ‘ಪ್ರಯತ್ನ ಮಾಡು’ ಎಂದು ಅಂಥ ಮಗುವಿಗೆ ಬರೀ ಉಪದೇಶ ಮಾಡುವುದು, ನೀರಿಲ್ಲದ ಗದ್ದೆಗೆ ‘ಹಸಿರಾಗು’ ಎಂದ ಹಾಗೆ. ಈ ನಾಡಿನ ಹಿಂದುಳಿದಿರುವಿಕೆ ಇಲ್ಲಿನವರ ಸೋಮಾರಿತನದಿಂದ ಬಂದದ್ದಲ್ಲವೆಂದು ದೇಶವೇ ಒಪ್ಪಿಕೊಂಡಿದೆ. ಅದರ ಗುರುತೇ ಸಂವಿಧಾನದ 371ಜೆ ವಿಧಿ. 2012ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು, ಮರುವರ್ಷ ಅದು ಜಾರಿಗೆ ಬಂತು. ಅದರಡಿಯಲ್ಲಿ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳು ಈ ಭಾಗದ ವಿದ್ಯಾರ್ಥಿಗಳಿಗೆ ಮೀಸಲು. ಅದಕ್ಕೆ ಬೇಕಾದ ಅರ್ಹತಾ ಪತ್ರ ಕೊಡುವವರು ಉಪವಿಭಾಗಾಧಿಕಾರಿಗಳು. ಅವರ ಕಚೇರಿ ಲಿಂಗಸುಗೂರಿನಲ್ಲೇ ಇದೆ. ಪ್ರವೇಶದ ಕೊನೆಯ ವಾರದಲ್ಲಿ ಅದಕ್ಕಾಗಿ ಓಡಾಡುವ ಬದಲು, ಪಿಯುಸಿಯ ಮೊದಲ ವರ್ಷದಲ್ಲೇ ಮಾಡಿಸಿಟ್ಟುಕೊಂಡರೆ ಎಷ್ಟೋ ಕಣ್ಣೀರು ತಪ್ಪುತ್ತದೆ. ಸರ್ಕಾರಿ ವಿದ್ಯಾರ್ಥಿನಿಲಯಗಳಿಗೂ ಅಷ್ಟೆ. ಅರ್ಜಿಯ ದಿನಾಂಕವನ್ನು ಮೊದಲೇ ವಿಚಾರಿಸಿಡಿ. ಗುಳೆ ಹೋಗುವ ಮನೆಯ ಮಗುವಿಗೆ ಹಾಸ್ಟೆಲಿನ ಒಂದು ಮಂಚವೇ ಎಲ್ಲಕ್ಕಿಂತ ದೊಡ್ಡ ಹೆಗಲು. ಅದು ದಾನವಲ್ಲ, ಹಕ್ಕು. ಸಂಕೋಚಪಡಬೇಕಾಗಿಲ್ಲ.

ಊರಿನ ಓದಿದವರ ಪಾಲೂ ಇದರಲ್ಲಿದೆ. ಈ ಅಂಕಣ ಓದುವವರಲ್ಲಿ ಶಿಕ್ಷಕರಿದ್ದೀರಿ, ಬ್ಯಾಂಕಿನವರಿದ್ದೀರಿ, ಅಂಗಡಿ ನಡೆಸುವವರಿದ್ದೀರಿ. ವರ್ಷಕ್ಕೆ ಒಂದೇ ಒಂದು ಮಗುವಿನ ಅರ್ಜಿ ತುಂಬಿಸಿ, ಜೊತೆಗೆ ಕಚೇರಿಗೆ ಹೋಗಿ ಬನ್ನಿ. ಮಸ್ಕಿಯ ಬಂಡೆಯನ್ನು ಕಂಡ ಗಣಿ ಇಂಜಿನಿಯರ್ ಮಾಡಿದ್ದು ಅಷ್ಟೇ ಕೆಲಸ. ಅವನಿಗೆ ಓದಲು ಬಾರದ ಅಕ್ಷರವನ್ನು ಓದಬಲ್ಲವರ ಬಳಿಗೆ ಮುಟ್ಟಿಸಿದ. ಒಂದು ಮಗುವಿನಲ್ಲಿ ಏನಿದೆ ಎಂದು ನಮಗೆ ಪೂರ್ತಿ ತಿಳಿಯಬೇಕಾಗಿಲ್ಲ. ಏನೋ ಇದೆ ಎಂದು ಕಂಡಾಗ, ಕಾಣದಂತೆ ಮುಂದೆ ನಡೆಯದಿದ್ದರೆ ಸಾಕು.

ಕೊನೆಯದಾಗಿ ಆ ಒಂದೂವರೆ ಪಟ್ಟಿನ ಮಾತು. ಇಂದು ನಲವತ್ತು ಅಂಕ ತೆಗೆಯುವವನಿಗೆ ‘ಮುಂದಿನ ಸಲ ತೊಂಬತ್ತೈದು ತರಬೇಕು’ ಎಂದರೆ ಅವನು ಕೇಳುವ ಮೊದಲೇ ಸೋತಿರುತ್ತಾನೆ. ಅರವತ್ತು ತಾ ಎನ್ನಿ. ದಿನಕ್ಕೆ ಎರಡು ತಾಸು ಓದುವವಳು ಮೂರು ತಾಸು ಓದಲಿ. ಕೂಲಿಕಾರನ ಮಗಳು ಪಿಯುಸಿ ಮುಗಿಸಲಿ, ಅವಳ ಮಗಳು ಮುಂದೆ ಹೋಗಲಿ. ಕೇಳಲು ಸಣ್ಣದು. ಆದರೆ ಲೆಕ್ಕ ಬಲ್ಲವರು ಹಾಕಿ ನೋಡಿ: ಒಂದೂವರೆ ಪಟ್ಟನ್ನು ಮತ್ತೆ ಒಂದೂವರೆ ಪಟ್ಟು ಮಾಡುತ್ತ ಹೋದರೆ ಆರನೆಯ ಹೆಜ್ಜೆಗೆ ಹನ್ನೊಂದು ಪಟ್ಟನ್ನೂ ದಾಟುತ್ತದೆ.

ಈ ಲೆಕ್ಕವನ್ನು ಆ ಹುಡುಗಿ ನನಗಿಂತ ಬೇಗ ಮಾಡಬಲ್ಲಳು. ಅವಳ ತಾಯಿಯ ಕೈಗೆ ಈ ಪತ್ರಿಕೆ ಸೇರುತ್ತದೋ ಇಲ್ಲವೋ ನನಗೆ ತಿಳಿಯದು. ಮಸ್ಕಿಯಲ್ಲಿ ಇದನ್ನು ಓದುತ್ತಿರುವ ಯಾರಿಗಾದರೂ ಲೆಕ್ಕದಲ್ಲಿ ಜಾಣೆಯಾದ, ಈ ಸಲ ಎಸ್ಸೆಸ್ಸೆಲ್ಸಿ ಪಾಸಾದ, ಬೆಂಗಳೂರಿಗೆ ಗುಳೆ ಹೊರಟಿರುವ ಮನೆಯ ಹುಡುಗಿಯೊಬ್ಬಳು ಗೊತ್ತಿದ್ದರೆ ದಯವಿಟ್ಟು ಇವತ್ತೇ ಅವರ ಮನೆಗೆ ಹೋಗಿ ಬನ್ನಿ. ಅವಳೇ ಆಗಿರಬೇಕೆಂದಿಲ್ಲ. ಅಂಥ ಇನ್ನೊಬ್ಬಳಾದರೂ ಸರಿ. ಆ ತಾಯಿಗೆ ಹೇಳಿ: ದೊಡ್ಡದು ಸಣ್ಣ ಮಂದಿಗೆ ಹತ್ತುವುದಿಲ್ಲ ಎಂದು ತಿಳಿಯಬಾರದೆಂದು ನಿಮ್ಮ ಊರಿನ ಗುಡ್ಡವೇ ಹೇಳುತ್ತಿದೆ. ಹಾಗೆ ಹೇಳಿ ಬರುವಾಗ ಹಾಸ್ಟೆಲಿನ ಅರ್ಜಿಯ ನಮೂನೆಯೊಂದನ್ನು ಕೊಟ್ಟು ಬನ್ನಿ.